ಹೊಳಪು ಬೇಡವೆನ್ನುವ ಬಾನೆಟ್ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳೆ ಕಾರು ಮಾರುವ ಅಂಗಳದ ತಗಡಿನ ಮಾಡಿನ ಕೆಳಗೆ ಮಹಿಳೆಯೊಬ್ಬರು ತೆರೆದ ಬಾನೆಟ್ಟಿನ ಮೇಲೆ ಬಾಗಿ ನಿಂತಿದ್ದಾರೆ. ಕೈಯಲ್ಲಿ ಬ್ರಷ್ ಇದೆ, ಉಜ್ಜುತ್ತಿಲ್ಲ. ಈಗಷ್ಟೇ ತಂದು ನಿಲ್ಲಿಸಿದ ಕಾರು. ಆರುತ್ತಿರುವ ಇಂಜಿನ್ ಟಿಕ್ ಟಿಕ್ ಎನ್ನುತ್ತಿದೆ. ಆ ಸದ್ದು ಅಡಗುವ ತನಕ ಅವರು ನೀರು ಮುಟ್ಟುವುದಿಲ್ಲ, ಮಾತೂ ಆಡುವುದಿಲ್ಲ.

ಇಲ್ಲಿ ಎಲ್ಲರಿಗೂ ಇವರು 'ಬಾನೆಟ್ ಅಕ್ಕ'. ಹೊರಮೈ ತೊಳೆಯುವವರು ಬೇರೆ, ಹೊಗಳಿಕೆಯೆಲ್ಲ ಅವರಿಗೆ. ಇಂಜಿನ್ನಿನ ಮೂಲೆಮೂಲೆಯ ಜಿಡ್ಡು ತೆಗೆದು, ಒಣಗಿಸಿ, ಮಾಸಿದ ಪೈಪು, ಪ್ಲಾಸ್ಟಿಕ್ ಮುಚ್ಚಳಗಳಿಗೆ ಡ್ರೆಸ್ಸಿಂಗ್ ಎಂಬ ದ್ರಾವಣ ಬಳಿದು ಮತ್ತೆ ಕಪ್ಪು ತರುವುದು ಇವರ ಕೆಲಸ. ಬಾನೆಟ್ ಮುಚ್ಚಿದರೆ ಅದೂ ಮುಚ್ಚಿಹೋಗುತ್ತದೆ.

"ಕಾಣದ ಜಾಗಕ್ಕೆ ಯಾಕೇ ಅಷ್ಟು ಅಲಂಕಾರ ಅಂತ ನಮ್ಮತ್ತೆ ಆಡ್ಕೋತಾರೆ," ಎಂದು ನಗುತ್ತಾರೆ. ಗಂಡ ಮನೆ ಬಿಟ್ಟು ಹೋದಮೇಲೆ ಆ ಅತ್ತೆ, ಓದುವ ಮಗಳು ಇಬ್ಬರೂ ನೆಚ್ಚಿರುವುದು ಬಿರುಕುಬಿಟ್ಟ ಈ ಬೆರಳುಗಳನ್ನೇ.

ಡ್ರೆಸ್ಸಿಂಗ್ ಕೊಳ್ಳುವಾಗ ಅಕ್ಕ ಬಾಟಲಿಯ ಮೇಲಿನ ಚಿತ್ರಕ್ಕೆ ಮರುಳಾಗುವುದಿಲ್ಲ. ಹಳೆಯ ಮುಚ್ಚಳವೊಂದಕ್ಕೆ ತುಸು ಬಳಿದು, ಒಣಗಲು ಬಿಟ್ಟು, ಮೇಲೊಂದು ಚಿಟಿಕೆ ಮಣ್ಣು ಉದುರಿಸಿ ಊದುತ್ತಾರೆ. "ಧೂಳು ಹಾರಿದ್ರೆ ಬಾಟ್ಲಿ ನಂದು. ಅಂಟ್ಕೊಂಡ್ರೆ ಅಂಗಡಿಯವನದ್ದು." ಹಾಗಾಗಿ ಇವರ ಕೈಯಲ್ಲಿರುವುದು ಹಾಲಿನಂತೆ ತೆಳ್ಳಗಿನ, ನೀರಿನಲ್ಲಿ ಕಲಸಿದ ಡ್ರೆಸ್ಸಿಂಗ್. ಅದು ಒಣಗುತ್ತದೆ, ಮಿಂಚುವುದಿಲ್ಲ.

ಅಂಗಳದ ಯಜಮಾನರಿಗೆ ಬೇಕಾದದ್ದು ಮಿಂಚು. ಇವತ್ತು ಎಣ್ಣೆಯಂಥ ಮಂದ ಡ್ರೆಸ್ಸಿಂಗಿನ ಬಾಟಲಿ ಹಿಡಿದು ಅವರೇ ಬಂದಿದ್ದಾರೆ. ಇಂಜಿನ್ ತೊಳೆದು ಒಣಗಿಸಿ, ಮುಚ್ಚಳಗಳಿಗೆ ಅಕ್ಕ ತಮ್ಮ ಡ್ರೆಸ್ಸಿಂಗ್ ಬಳಿದಾಗಿದೆ; ಈ ಕಾರು ನೋಡಲು ಗಿರಾಕಿ ಬರುವ ಹೊತ್ತು.

"ಏನಮ್ಮ, ಮಸಿ ಬಳಿದ ಹಾಗಿದೆ. ಇದನ್ನ ಹೊಡಿ, ಫಳಫಳ ಅನ್ಲಿ."

ಅಕ್ಕ ಬಟ್ಟೆಯ ತುದಿಯಿಂದ ಇಂಜಿನ್ನಿನ ಮೇಲ್ಮುಚ್ಚಳದ ಅಂಚು ಒರೆಸಿ ತೋರಿಸುತ್ತಾರೆ. ಆಯಿಲ್ ಜಿನುಗುತ್ತಿದೆ.

"ಇಲ್ಲಿ ಸೋರ್ತಿದೆ ಯಜಮಾನ್ರೆ. ಮೇಲೆ ಇದನ್ನ ಹೊಡೆದ್ರೆ ಯಾವುದು ಹೊಳಪು, ಯಾವುದು ಸೋರಿಕೆ ಅಂತ ಗೊತ್ತಾಗಲ್ಲ."

"ಗೊತ್ತಾಗಬಾರದು ಅಂತಾನೇ ಹೇಳ್ತಿರೋದು."

"ಹಾಗಾದ್ರೆ ನೀವೇ ಹೊಡ್ಕೊಳ್ಳಿ. ಬಂದವರು ಕೇಳಿದ್ರೆ ನಾನು ಮಾಡಿದ್ದಲ್ಲ ಅಂತೀನಿ. ಯಾಕೆ ಅಂತಾನೂ ಹೇಳ್ತೀನಿ."

"ನಾಲಿಗೆ ಉದ್ದ ಆಯ್ತು ನಿಂದು. ನಾಳೆಯಿಂದ ಬರೋದು ಬೇಡ."

"ಸರಿ. ಇವತ್ತಿನ ಕೆಲಸ ಮುಗಿಸ್ತೀನಿ."

ಅಕ್ಕ ತಮ್ಮದೇ ಡ್ರೆಸ್ಸಿಂಗನ್ನು ಬಟ್ಟೆಗೆ ಹಾಕಿಕೊಂಡು ಪೈಪುಗಳನ್ನು ಒಂದೊಂದಾಗಿ ಒರೆಸತೊಡಗುತ್ತಾರೆ. ಡ್ರೆಸ್ಸಿಂಗ್ ತಾಗಿದರೆ ಜಾರುವ ಬೆಲ್ಟಿನ ಹತ್ತಿರ ಬಂದಾಗ ಕೈ ಸುತ್ತುಹಾಕಿ ದಾಟುತ್ತದೆ. ಜಿನುಗುವ ಅಂಚನ್ನು ಹಾಗೆಯೇ ಬಿಡುತ್ತಾರೆ. ಯಜಮಾನರು ಬಾಟಲಿ ಹಿಡಿದು ನಿಂತೇ ಇದ್ದಾರೆ. ಕೊನೆಗೆ ಗಿರಾಕಿಗೆ ಫೋನ್ ಮಾಡಿ ನಾಳೆ ಬರಲು ಹೇಳುತ್ತಾರೆ. ಪಕ್ಕದ ಶೆಡ್ಡಿನ ಮೆಕ್ಯಾನಿಕ್‌ನನ್ನು ಕೂಗುತ್ತಾರೆ, ಸೋರುವ ಮುಚ್ಚಳದಡಿಯ ಗ್ಯಾಸ್ಕೆಟ್ ಬದಲಿಸಲು. ಹೋಗುತ್ತಾ, ಬೇರೆ ಆಳು ಸಿಗುವವರೆಗೆ ಮಾತ್ರ ನೀನು, ಎನ್ನುವುದನ್ನು ಮರೆಯುವುದಿಲ್ಲ.

ಭಯವಾಗುವುದಿಲ್ಲವೇ ಎಂದು ಕೇಳಿದರೆ ಅಕ್ಕ ಬಟ್ಟೆ ಕೊಡವಿ ಮಡಚಿಡುತ್ತಾರೆ.

"ಆಗತ್ತೆ. ಮನೇಲಿ ಎರಡು ಹೊಟ್ಟೆ ಇವೆ. ಹುಡುಕಲಿ ಬಿಡಿ ಬೇರೆಯವರನ್ನ. ನಾನಿರೋ ತನಕ ಬಾನೆಟ್ ಎತ್ತಿದವರು ಕಣ್ಣಿಗೆ ಕಂಡಿದ್ದನ್ನ ನಂಬಬಹುದು."