ನರಸಿಂಹನ ನೀರು, ನನ್ನ ಮೂಗು

ಗುಡ್ಡ ಹತ್ತಿದರೆ ನನ್ನ ಮೂಗಿನಲ್ಲಿ ರಕ್ತ ಬರುತ್ತದೆಂದು ಮದುವೆಯಾಗುವವರೆಗೆ ನನಗೇ ಗೊತ್ತಿರಲಿಲ್ಲ. ದೇವದುರ್ಗದಲ್ಲಿ ನಾನು ಹತ್ತಿದ್ದೆಂದರೆ ಮಾಳಿಗೆಯ ಏಣಿ ಮಾತ್ರ. ಅಪ್ಪ ತೀರಿಹೋಗಿದ್ದ, ಅವ್ವ ಅಣ್ಣನ ಮನೆಯಲ್ಲಿ ಅತ್ತಿಗೆ ಬಡಿಸಿದಷ್ಟು ಉಂಡುಕೊಂಡಿದ್ದಳು. ವರದಕ್ಷಿಣೆ ಕೇಳದ ಮನೆ ಸಿಕ್ಕಿತೆಂದು ಅಣ್ಣ ನನ್ನನ್ನು ಮಾನ್ವಿಗೆ ಕೊಟ್ಟು ಕೈತೊಳೆದುಕೊಂಡ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು ಅವು.

ಮಾವ ಊರಾಚೆಯ ಗುಡ್ಡದ ಮೇಲಿನ ನರಸಿಂಹದೇವರ ಅರ್ಚಕರು. ಗಂಡ ರಾಯಚೂರಿನ ಶಾಲೆಯಲ್ಲಿ ಮಾಸ್ತರ, ಹಬ್ಬ ಹುಣ್ಣಿಮೆಗೆ ಮುಖ ತೋರಿಸುವವನು. ದೇವರ ಅಭಿಷೇಕದ ನೀರು ಹೊರುವ ಕೆಲಸ ಆ ಮನೆಯ ಸೊಸೆಯದು. ಬುಡದ ಬಾವಿಯಲ್ಲಿ ಮಿಂದು, ಒದ್ದೆ ಮಡಿಯಲ್ಲೇ ತಾಮ್ರದ ಬಿಂದಿಗೆ ತುಂಬಿ ಟೊಂಕಕ್ಕೇರಿಸಿ, ಬರಿಗಾಲಲ್ಲಿ ಹತ್ತಬೇಕು. ದಾರಿಯಲ್ಲಿ ಯಾರನ್ನೂ ಮುಟ್ಟುವ ಹಾಗಿಲ್ಲ, ಬಿಂದಿಗೆ ಕೆಳಗಿಡುವ ಹಾಗಿಲ್ಲ. ಮೇಲೆ ಗುಡಿಯ ಹೊಸ್ತಿಲಲ್ಲಿ ಅತ್ತೆ ಕೂತಿರುತ್ತಿದ್ದಳು, ದಾರಿ ಕಾಯುತ್ತ.

ಯುಗಾದಿ ಕಳೆದು ಬಿಸಿಲು ಬಲಿತ ಮೇಲೆ ಶುರುವಾಯಿತು. ಅರ್ಧ ಗುಡ್ಡ ಏರುವಷ್ಟರಲ್ಲಿ ಮೂಗಿನೊಳಗೆ ಏನೋ ಬೆಚ್ಚಗೆ ಹರಿದಂತಾಯಿತು. ಒಂದು ಹನಿ ಸೆರಗಿನ ಮೇಲೆ, ಇನ್ನೊಂದು ಕಲ್ಲಿನ ಮೇಲೆ. ನಾನು ಪೆದ್ದಿ, ಮೇಲೆ ಹೋಗಿ ಅತ್ತೆಗೆ ಇದ್ದದ್ದು ಇದ್ದಂತೆ ಹೇಳಿದೆ.

"ನೆತ್ತರ ಬಿದ್ದ ಮ್ಯಾಲೆ ಮಡಿ ಎಲ್ಲಿ ಉಳೀತು? ಚೆಲ್ಲು ಆ ನೀರು. ಇಳಿ, ಮೈ ತೊಳಕೊಂಡು ಮತ್ತ ತಗೊಂಡು ಬಾ," ಎಂದಳು.

ಇಳಿದೆ, ಮಿಂದೆ, ತಂದೆ. ಮತ್ತೆ ಬಂತು, ಮತ್ತೆ ಚೆಲ್ಲಿದೆ. ಅಭಿಷೇಕ ಮುಗಿಯದೆ ಆ ಮನೆಯಲ್ಲಿ ಯಾರ ಬಾಯಿಗೂ ತುತ್ತು ಬೀಳುವುದಿಲ್ಲ. ಅತ್ತೆಯ ಹೊಟ್ಟೆ ಹಸಿದಷ್ಟೂ ನಾಲಿಗೆ ಉದ್ದವಾಯಿತು. ನನ್ನದು ಬರೀ ಸೋಗಂತೆ, ಕೆಲಸಗಳ್ಳಿಯಂತೆ, ನಮ್ಮವ್ವ ರೋಗ ಮುಚ್ಚಿಟ್ಟು ನನ್ನನ್ನು ಕಟ್ಟಿದಳಂತೆ. ಹೊಟ್ಟೆ ಬಗೆದು ಕರುಳನ್ನೇ ಮಾಲೆ ಹಾಕಿಕೊಂಡ ದೇವರಿಗೆ ನನ್ನ ಮೂಗಿನ ಒಂದು ಹನಿ ಆಗಿಬರಲಿಲ್ಲ ನೋಡಿ. ಇದನ್ನು ಆಗಲೇ ಅಂದಿದ್ದರೆ ಬರೆ ಬೀಳುತ್ತಿತ್ತು.

ಹಬ್ಬಕ್ಕೆ ಬಂದ ಗಂಡನ ಮುಂದೆ ಅತ್ತೆ ದೂರು ಹೇಳಿದಳು. "ಜರಾ ಸಂಭಾಳಿಸ್ಕೋ," ಎಂದ, ಅಷ್ಟೇ. ಮೂಗಿನ ರಕ್ತವನ್ನು ಸಂಭಾಳಿಸಿಕೊಳ್ಳುವುದು ಹೇಗೆಂದು ಮಾಸ್ತರು ಹೇಳಿಕೊಡಲಿಲ್ಲ.

ಕೊನೆಗೆ ಅತ್ತೆ ಮಾತು ತೀರ್ಮಾನಕ್ಕೆ ತಂದಳು. "ನರಸಿಂಹ ಜಯಂತಿ ದಿನ ಮಂದಿ ಎದುರಿಗೆ ಹಿಂಗಾತಂದ್ರ, ಗಾಡಿ ಕಟ್ಟಿಸಿ ನಿನ್ನ ದೇವದುರ್ಗಕ್ಕ ಅಟ್ಟತೀನಿ. ರಾಯಚೂರಿನಾಗ ಹೆಣ್ಣು ನೋಡೇ ಇಟ್ಟೀವಿ." ಅದು ಬರಿಯ ಬೆದರಿಕೆಯಲ್ಲ, ಆ ಹೆಣ್ಣಿನ ಜಾತಕ ಆಗಲೇ ಮಾವನ ಪೆಟ್ಟಿಗೆಯಲ್ಲಿತ್ತು. ಅಣ್ಣನ ಮನೆಯಲ್ಲಿ ಅವ್ವನ ತಟ್ಟೆಯಿಂದಲೇ ನಾನು ಪಾಲು ಕಿತ್ತುಕೊಳ್ಳಬೇಕಾಗುತ್ತಿತ್ತು.

ದಾರಿ ತೋರಿಸಿದವರು ಮಾವ, ಅವರಿಗೇ ತಿಳಿಯದಂತೆ. ಊಟಕ್ಕೆ ಕೂತಾಗ ಅತ್ತೆ ಕೇಳಿದಳು, ಮೂಗಿನೊಳಗೇ ನಿಂತ ರಕ್ತಕ್ಕೂ ಮೈಲಿಗೆಯೇ ಎಂದು. ಅವರು ಎಲೆಯಿಂದ ತಲೆ ಎತ್ತಲಿಲ್ಲ. "ಒಳಗ ಇರೋತನ ಅದು ಶರೀರ. ಹೊರಗ ಬಿದ್ದರ ಮೈಲಿಗಿ." ಅಡಿಗೆಮನೆಯ ಬಾಗಿಲ ಹಿಂದೆ ನಿಂತು ನಾನು ಆ ಮಾತನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡೆ.

ಮರುದಿನದಿಂದ ಮೂಗು ಬೆಚ್ಚಗಾದ ಕೂಡಲೇ ತಲೆ ಹಿಂದಕ್ಕೆ ಚೆಲ್ಲಿ, ಆಕಾಶ ನೋಡುತ್ತ ಹತ್ತತೊಡಗಿದೆ. ರಕ್ತ ಗಂಟಲಿಗೆ ಇಳಿಯುತ್ತಿತ್ತು. ನುಂಗುತ್ತಿದ್ದೆ. ಉಪ್ಪುಪ್ಪು, ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗೆ. ಕಾಲಿನ ಕೆಳಗಿನ ಕಲ್ಲು ಕಾಣುವುದಿಲ್ಲ, ಹೆಬ್ಬೆರಳು ಒಡೆದುಕೊಂಡರೂ ಬಗ್ಗಿ ನೋಡುವ ಹಾಗಿಲ್ಲ. ಮೇಲೆ ಅತ್ತೆ ದೂರದಿಂದಲೇ, ಮಡಿ ಕೆಡದಂತೆ, ತಪಾಸಣೆ ಮಾಡುವಳು. "ಮೂಗು ಮ್ಯಾಲೆತ್ತು. ಬಾಯಿ ತೆಗಿ. ನಾಲಿಗಿ ತೋರಿಸು." ಸಂತೆಯಲ್ಲಿ ಎತ್ತಿನ ಹಲ್ಲು ನೋಡುತ್ತಾರಲ್ಲ, ಹಾಗೆ. ಅದಕ್ಕೇ ಕೊನೆಯ ತಿರುವಿನಲ್ಲಿ ನಿಂತು ನಾಲಿಗೆಯಿಂದ ಹಲ್ಲುಗಳನ್ನೆಲ್ಲ ಒರೆಸಿಕೊಂಡು ನುಂಗಿಯೇ ಮುಂದೆ ಹೋಗುತ್ತಿದ್ದೆ. ಮಧ್ಯಾಹ್ನ ಅನ್ನ ಸೇರುತ್ತಿರಲಿಲ್ಲ. ಸೊಸೆ ಕಡಿಮೆ ಉಣ್ಣುತ್ತಾಳೆಂದು ಆ ಮನೆಯಲ್ಲಿ ಯಾರಿಗೂ ಬೇಜಾರಾಗಲಿಲ್ಲ.

ಜಯಂತಿಯ ದಿನ ನಿರ್ಜಲ ಉಪವಾಸ, ಅಭಿಷೇಕ ಸಂಜೆಗೆ. ಇಳಿಹೊತ್ತಿನ ಬಿಸಿಲಲ್ಲಿ ಹತ್ತಿದೆ. ಅವತ್ತು ಬಂದಷ್ಟು ರಕ್ತ ಯಾವತ್ತೂ ಬಂದಿರಲಿಲ್ಲ. ಗುಟುಕು ಗುಟುಕಾಗಿ ಅಷ್ಟನ್ನೂ ಕುಡಿದೆ. ಗುಡಿಯ ಮುಂದೆ ಊರ ಮಂದಿ ಸೇರಿತ್ತು. ಅತ್ತೆ ನನ್ನ ಮೂಗು, ಬಾಯಿ, ಸೆರಗು ನೋಡಿ ಎಲ್ಲರಿಗೂ ಕೇಳುವಂತೆ, "ನೋಡ್ರಿ, ಅಷ್ಟು ದಿನ ಮಾಡಿದ್ದು ಬರೇ ಸೋಗು," ಎಂದಳು. ನನಗೆ ಖುಷಿಯೇ ಆಯಿತು. ಸೋಗೆಂದರೂ ಸರಿ, ಉಳಿದುಕೊಂಡೆನಲ್ಲ!

ಅಭಿಷೇಕವಾಯಿತು. ತೀರ್ಥ ಎಲ್ಲರೂ ತೆಗೆದುಕೊಂಡರು. ಕೊನೆಗೆ ಮಾವ ನನ್ನ ಅಂಗೈಗೆ ಹಾಕಿದರು. ಆ ಒಂದು ಉದ್ಧರಣೆ ನೀರು ಖಾಲಿ ಹೊಟ್ಟೆಗೆ ಇಳಿದದ್ದೇ ತಡ, ಒಳಗಿದ್ದದ್ದೆಲ್ಲ ಕರ್ರಗೆ, ಹೆಪ್ಪು ಹೆಪ್ಪಾಗಿ ಹೊಸ್ತಿಲ ಮೇಲೆ ಬಿತ್ತು. ನಾನೂ ಬಿದ್ದೆ.

ಒಬ್ಬರೂ ಮುಟ್ಟಲಿಲ್ಲ. ಎಲ್ಲರೂ ಮಡಿಯಲ್ಲಿದ್ದರು. ಗಂಡ ಪಂಚೆ ಎತ್ತಿ ಹಿಡಿದು ಹಿಂದಕ್ಕೆ ಸರಿದದ್ದನ್ನು ಬಿದ್ದಲ್ಲಿಂದಲೇ ಕಂಡೆ. ಹಗಲಿನ ಬಿಸಿ ಇನ್ನೂ ಆರದ ಕಲ್ಲು ಕೆನ್ನೆ ಸುಡುತ್ತಿತ್ತು. ಅತ್ತೆ ಸತ್ತೆಯಾ ಇದ್ದೀಯಾ ಎಂದು ಕೇಳಲಿಲ್ಲ.

"ಬಿಂದಿಗ್ಯಾಗೇನರ ಬಿತ್ತೇನ? ಹೇಳು, ನೀರಿನಾಗ ಬಿತ್ತೇನ?"

ಇನ್ನು ಆ ಮನೆಯಲ್ಲಿ ನನಗೆ ಜಾಗವಿಲ್ಲವೆಂದು ಅವಳ ಮುಖದಲ್ಲೇ ಬರೆದಿತ್ತು. ಕೈಯೂರಿ ಎದ್ದು ಕೂತೆ. ಅಷ್ಟೂ ಜನಕ್ಕೆ ಕೇಳುವ ಹಾಗೆ ಹೇಳಿದೆ. "ಇವತ್ತೊಂದಿನ ಅಲ್ಲರೀ ಅತ್ತಿಯವರ. ದಿನಾ ಬೀಳತಿತ್ತು. ದಿನಾ ನೀವು ತೀರ್ಥ ಅಂತ ಕುಡದೀರಿ."

ಮಾವನ ಕೈಯ ಉದ್ಧರಣೆ ನೆಲಕ್ಕೆ ಬಿತ್ತು. ಮಂದಿ ಬಾಯಿಗೆ ಸೆರಗು, ಶಲ್ಯ ಮುಚ್ಚಿಕೊಂಡು ಗುಡ್ಡ ಇಳಿದರು. ಅತ್ತೆ ಗಂಟಲಿಗೆ ಬೆರಳು ಹಾಕಿಕೊಂಡು ಓಕರಿಸುತ್ತಿದ್ದಳು. ನಾನು ಕಣ್ತುಂಬ ನೋಡಿದೆ.

ಮರುದಿನವೇ ಗಾಡಿ ಕಟ್ಟಿದರು. ದೇವದುರ್ಗದಲ್ಲಿ ಕಂಡವರ ಮನೆಯಲ್ಲಿ ಅಡಿಗೆ ಮಾಡಿ ನಾನೂ ಅವ್ವನೂ ಬದುಕಿದೆವು. ರಾಯಚೂರಿನ ಹೆಣ್ಣು ಆ ಮನೆಗೆ ಬಂದಳು. ಆದರೆ ಅವಳು ಬಿಂದಿಗೆ ಮುಟ್ಟಲಿಲ್ಲವಂತೆ. ಗೋಮೂತ್ರ, ಸಗಣಿ ಕದಡಿದ ಪಂಚಗವ್ಯ ಕುಡಿದು ಕುಡಿದು ಶುದ್ಧಳಾದ ಅತ್ತೆ ಇನ್ನು ಯಾವ ಸೊಸೆಯ ಕೈಯ ನೀರನ್ನೂ ನಂಬಲಿಲ್ಲ. ಮೊಣಕಾಲು ಹಿಡಿದುಕೊಂಡು, ಬೈಯುತ್ತ, ಏದುತ್ತ, ಕಾಲು ಬಿದ್ದು ಹೋಗುವವರೆಗೆ ತಾನೇ ಹೊತ್ತಳಂತೆ. ಮಾನ್ವಿಯಿಂದ ಬಂದವರು ಅಯ್ಯೋ ಪಾಪ ಎಂದು ಹೇಳಿದಾಗ ನಾನು ಒಲೆಯ ಕಡೆ ತಿರುಗಿ ನಕ್ಕೆ. ಈಗಲೂ ನನಗೆ ಪಾಪ ಅನ್ನಿಸುವುದಿಲ್ಲ.

ಆ ಬಿಂದಿಗೆಯಲ್ಲಿ ಒಂದು ದಿನವೂ ಒಂದು ಹನಿ ಬಿದ್ದಿರಲಿಲ್ಲ. ಬೀಳಬಾರದೆಂದೇ ಅಲ್ಲವೇ ನಾನು ಅಷ್ಟನ್ನೂ ಕುಡಿದದ್ದು.