ಉಡಿ ತುಂಬಿದ ಬೀಜದ ಕಬ್ಬು

ಭೂಸನೂರಿನ ಸುತ್ತಮುತ್ತ ನಾಟಿಗೆ ಶಿವಕಾಂತಾ ಕೊಟ್ಟ ಬೀಜದ ಕಬ್ಬೆಂದರೆ ಜನ ಕಣ್ಣು ಮುಚ್ಚಿ ಒಯ್ಯುತ್ತಿದ್ದರು. ಆಕೆ ಮಾತ್ರ ಕಣ್ಣು ಮುಚ್ಚುವವಳಲ್ಲ. ಪ್ರತಿ ಪೆಂಡಿಯಿಂದ ಒಂದು ಕಬ್ಬು ಎಳೆದು, ಕೊಯ್ತದಿಂದ ಉದ್ದಕ್ಕೆ ಸೀಳಿ, ಒಳಗಿನ ಬಿಳುಪು ನೋಡಿ, ಮೂಸಿದ ಮೇಲೆಯೇ ಕೈಬಿಡುವವಳು. ಕೆಂಪು ಕೊಳೆ ರೋಗ ಒಮ್ಮೆ ಕಬ್ಬಿನೊಳಗೆ ಹೊಕ್ಕರೆ ಹೊರಗಿನ ಸಿಪ್ಪೆ ಎಷ್ಟೋ ದಿನ ಏನೂ ಆಗಿಲ್ಲದವರಂತೆ ನಗುತ್ತಿರುತ್ತದೆ. ಅದಕ್ಕೆ ಔಷಧಿಯೂ ಇಲ್ಲ.

"ಕನ್ಯಾ ನೋಡಿದಂಗ ನೋಡ್ತಿ ಬಿಡು," ಎಂದು ಗಂಡ ಚಂದಪ್ಪ ಕಾಡುತ್ತಿದ್ದ.

"ನೀ ನಕ್ಕೊಂತ ಕುಂದ್ರು. ನಾಳಿ ಬೈಸ್ಕೊಳ್ಳಾಕಿ ನಾನು."

ಇಂಥ ಹೆಂಗಸು ಎಡವಿದ್ದು ಒಡಹುಟ್ಟಿದ ತಂಗಿಯ ವಿಷಯದಲ್ಲಿ. ತಂಗಿ ಭುವನೇಶ್ವರಿಯನ್ನು ಯಡ್ರಾಮಿ ಕಡೆ ಕೊಟ್ಟಿದ್ದರು. ಅದು ತೊಗರಿ, ಹತ್ತಿ ಬಿತ್ತುವ ಮನೆ. ಕಾಲುವೆ ನೀರು ಬಂದಮೇಲೆ ಕಬ್ಬು ಹಚ್ಚೋಣವೆಂದು ಗಂಡನ ಬೆನ್ನು ಬಿದ್ದವಳು ಭುವನೇಶ್ವರಿ. ಅತ್ತೆ ನಿಂಬೆವ್ವನಿಗೆ ಅದು ಬಿಲ್ಕುಲ್ ಒಪ್ಪಿಗೆಯಿರಲಿಲ್ಲ.

ತವರಿನಲ್ಲಿ ತಾಯಿ ಇಲ್ಲ, ಉಡಿ ತುಂಬುವವಳು ಅಕ್ಕನೇ. ಎಳ್ಳಮಾಸಿ ಹಬ್ಬ ಮುಗಿದ ಮೇಲೆ ಶಿವಕಾಂತಾ ತನ್ನ ಹೊಲದ ಬೀಜ ಕಡಿಸಿ ಟೆಂಪೋಕ್ಕೆ ಹೇರಿಸಿದಳು. ಮಗಳನ್ನು ಗಂಡನ ಮನೆಗೆ ಕಳಿಸುವಂತೆ ಪ್ರತಿ ಪೆಂಡಿಯ ಕಡಿದ ತುದಿಗೂ ಅರಿಶಿಣ ಕುಂಕುಮ ಬಳಿದಳು. ರೂಢಿಯಂತೆ ಸೀಳಿ ನೋಡಲು ಕೊಯ್ತ ಎತ್ತಿದವಳು ಮತ್ತೆ ಕೆಳಗಿಟ್ಟಳು. ಉಡಿ ತುಂಬಿದ್ದನ್ನು ಯಾರಾದರೂ ಸೀಳುತ್ತಾರೆಯೇ? ಊರವರಿಗೆಲ್ಲ ಪರೀಕ್ಷೆ ಮಾಡಿ ಕೊಟ್ಟವಳು ತಂಗಿಗೆ ಬರೀ ಅಕ್ಕರೆಯಿಂದ ಕೊಟ್ಟಳು. ತುದಿಯಲ್ಲಿ ಕಾಣಬೇಕಾಗಿದ್ದ ರೋಗದ ಕೆಂಪು, ಕುಂಕುಮದ ಕೆಳಗೆ ಉಳಿಯಿತು.

ದಸರೆಯ ಹೊತ್ತಿಗೆ ತಂಗಿಯ ಫೋನು ಬಂತು.

"ಅಕ್ಕಾ, ಒಂದ್ ಮೂಲ್ಯಾಗ ಸುಳಿ ಎಲಿ ಹಳದಿ ಆಗಿ ಒಣಗಾಕತ್ತಾವ. ನಾ ನೀರ ಜಾಸ್ತಿ ಬಿಟ್ಟೀನಿ ಅಂತ ಅತ್ತಿ ದಿನಾ ಬೈತಾರ. ನಾಳಿ ಬಾಜು ಹೊಲದ ವಿಶ್ವಾರಾಧ್ಯಣ್ಣ ನಮ್ಮ ಕಬ್ಬು ಬೀಜಕ್ಕ ಒಯ್ತಾರಂತ. ನೀ ಬಂದು ನೋಡಿ ಹೋಗು."

ಫೋನಿಟ್ಟವಳೇ ಶಿವಕಾಂತಾ ಕೊಯ್ತ ತೆಗೆದುಕೊಂಡಳು. ಬೀಜ ಕಡಿದ ಹೊಲದಲ್ಲಿ ಹಳೆ ಬುಡದಿಂದ ಚಿಗುರಿದ ಕೂಳೆ ಕಬ್ಬು ಆಳೆತ್ತರ ಬೆಳೆದು ನಿಂತಿತ್ತು. ಅಲ್ಲಿಗೆ ಓಡಿ ಒಂದನ್ನು ಸೀಳಿದಳು. ಒಳಗೆಲ್ಲ ಕೆಂಪು.

ಮರುದಿನ ಬಸ್ಸಿನುದ್ದಕ್ಕೂ ಒಂದೇ ವಿಚಾರ ಅವಳನ್ನು ತಿಂದಿತು. ತಪ್ಪು ನೀರಿನದೆಂದು ಆ ಮನೆಯವರು ಆಗಲೇ ತೀರ್ಮಾನಿಸಿದ್ದಾರೆ. ತಾನು ಬಾಯಿ ಬಿಡದಿದ್ದರೆ ಹೆಸರು ಉಳಿಯುತ್ತದೆ. ಆದರೆ ತಂಗಿ ಬೈಸಿಕೊಳ್ಳುತ್ತಲೇ ಇರುತ್ತಾಳೆ, ರೋಗ ಪಕ್ಕದ ಹೊಲಕ್ಕೂ ಹೋಗುತ್ತದೆ. ಇಷ್ಟು ಗೊತ್ತಿದ್ದೂ ಸುಮ್ಮನಿರುವ ಆಸೆ ಹುಟ್ಟಿತಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಹೊಲದ ಬದುವಿನಲ್ಲಿ ವಿಶ್ವಾರಾಧ್ಯ ಬಂಡಿ ನಿಲ್ಲಿಸಿಕೊಂಡಿದ್ದ. ಅಕ್ಕ ಮಾಡಿದಂತೆಯೇ ಪೆಂಡಿಗಳಿಗೆ ಬಳಿಯಲು ಭುವನೇಶ್ವರಿ ಕುಂಕುಮದ ಭರಣಿ ಹಿಡಿದು ನಿಂತಿದ್ದಳು.

"ಬಾ ಶಿವಕಾಂತಾ," ಎಂದಳು ನಿಂಬೆವ್ವ. "ನಿನ್ನ ತಂಗಿಗಿ ನೀರ ಬಿಡಾಕ ಬರಂಗಿಲ್ಲ, ನೀನರ ಕಲಿಸು."

ಶಿವಕಾಂತಾ ಕೊಯ್ತ ಹಿಡಿದು ಹೊಲಕ್ಕಿಳಿದಳು. ಹಳದಿಯಾದ ಮೂಲೆ ಬಿಟ್ಟು, ಹಸಿರಾಗಿ ನಿಂತ ಸಾಲಿನಿಂದಲೇ ಒಂದು ಕಬ್ಬು ಕಡಿದು ಎಲ್ಲರೆದುರು ಸೀಳಿದಳು. ಕೆಂಪಿನ ನಡುವೆ ಅಡ್ಡಡ್ಡ ಬಿಳಿ ಪಟ್ಟೆ, ಹುಳಿತ ಶೇಂದಿಯ ವಾಸನೆ.

"ನೀರಿಂದು ತಪ್ಪಲ್ರಿ ನಿಂಬೆವ್ವಾರ. ಈ ರೋಗ ನನ್ನ ಹೊಲದ ಬೀಜದಾಗ ಬಂದದ. ನಾ ಸೀಳಿ ನೋಡ್ಲಿಲ್ಲ. ಅಣ್ಣಾರ, ಇದ್ರಾಗಿಂದು ಒಂದ್ ಕಬ್ಬೂ ಒಯ್ಬ್ಯಾಡ್ರಿ."

ವಿಶ್ವಾರಾಧ್ಯ ಖಾಲಿ ಬಂಡಿ ತಿರುಗಿಸಿಕೊಂಡು ಹೋದ. ನಿಂಬೆವ್ವ ಸೊಸೆಯ ಮುಖ ಒಮ್ಮೆ ನೋಡಿ ಮನೆಯ ದಾರಿ ಹಿಡಿದಳು. ಅಕ್ಕ ತಂಗಿ ಸಂಜೆಯವರೆಗೆ ರೋಗ ಕಂಡ ಕಬ್ಬಿನ ಗಡ್ಡೆಗಳನ್ನು ಬೇರುಸಹಿತ ಅಗೆದು ಒಟ್ಟಿ, ಒಣಗಿದ ಎಲೆಯ ರವದಿ ಹಾಕಿ ಸುಟ್ಟರು. ಉಳಿದ ಕಬ್ಬನ್ನು ಬೇಗ ಕಡಿದು ಕಾರ್ಖಾನೆಗೆ ಕಳಿಸಬೇಕು, ಆ ನೆಲದಲ್ಲಿ ಸದ್ಯ ಕಬ್ಬು ಹಚ್ಚಬಾರದು ಎಂದು ಶಿವಕಾಂತಾ ಹೇಳಿದಳು. ಭುವನೇಶ್ವರಿ ಬೂದಿ ಕೆದಕುತ್ತಾ ಕೇಳಿಸಿಕೊಂಡಳು. ಬೈದಿದ್ದರೂ ಅಕ್ಕನಿಗೆ ಹಗುರಾಗುತ್ತಿತ್ತು.

ಹೊರಟು ನಿಂತಾಗ ತಂಗಿ ಅದೇ ಭರಣಿ ತಂದಳು. ಹೋಗುವ ಮುತ್ತೈದೆಯನ್ನು ಬರಿಹಣೆಯಲ್ಲಿ ಕಳಿಸುವಂತಿಲ್ಲ.

"ದೀಪಾವಳಿಗಿ ಬಾ ಅಕ್ಕಾ," ಎಂದಳು. ಬೆರಳು ಹಣೆಯ ಮೇಲೆ ಒಂದು ಗಳಿಗೆ ನಿಂತಿತು. "ಬೀಜ ಮಾತ್ರ ತರಬ್ಯಾಡ."

ಶಿವಕಾಂತಾ ತಲೆ ಬಗ್ಗಿಸಿ ಹೂಂ ಎಂದಳು.