ಗಾಜಿನಲ್ಲಿ ಬಂದ ಸಾಲು

ನಾನು ಕಥೆ ಕಟ್ಟುವವಳಲ್ಲ. ಬಳ್ಳಾರಿಯ ಒಂದು ಸಣ್ಣ ಕೇಬಲ್ ಚಾನೆಲ್ಲಿನಲ್ಲಿ ಇದು ನನಗೇ ಆದದ್ದು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಆಗ ನಾನು ಸುದ್ದಿ ಟೈಪ್ ಮಾಡಿ ಟೆಲಿಪ್ರಾಂಪ್ಟರ್ ನಡೆಸುತ್ತಿದ್ದೆ. ಕ್ಯಾಮೆರಾದ ಕೆಳಗೆ ಅಂಗಾತ ಮಲಗಿಸಿದ ಒಂದು ಪರದೆ, ಅದರಲ್ಲಿ ಉಲ್ಟಾ ಅಕ್ಷರ. ಲೆನ್ಸ್ ಮುಂದೆ ಓರೆಯಾಗಿ ನಿಂತ ಗಾಜಿನಲ್ಲಿ ಅವು ಸೀದಾ ಕಾಣುತ್ತವೆ. ವಾರ್ತೆ ಓದುವವರು ನೋಡುವುದು ಆ ಗಾಜನ್ನು, ಟಿವಿ ಮುಂದೆ ಕೂತವರಿಗೆ ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದಂತೆ ಅನಿಸುತ್ತದೆ. ಅವರ ಬಾಯಿಯ ವೇಗಕ್ಕೆ ಸಾಲು ಸರಿಸುವ ಗುಂಡಿ ನನ್ನ ಕೈಯಲ್ಲಿತ್ತು.

ಓದುತ್ತಿದ್ದವಳು ಕುರುಗೋಡಿನ ಶೈಲಕ್ಕ. ಇಬ್ಬರೂ ಒಂದೇ ದಿನ ವಾರ್ತೆ ಓದುವ ಪರೀಕ್ಷೆಗೆ ಬಂದಿದ್ದೆವು. ಕೊಳಗಲ್ಲು ಊರಿನ ನನ್ನ ನಾಲಿಗೆ ‘ಮನೆ’ ಅನ್ನುವ ಕಡೆ ‘ಮನಿ’ ಅಂದುಬಿಟ್ಟಿತು. ವಾರ್ತೆಯಲ್ಲಿ ಊರಿನ ಮಾತು ನಡೆಯುವುದಿಲ್ಲ ಅಂತ ಚಾನೆಲ್ಲಿನ ಸಾಹೇಬರು ಉಗಿದರು. ಕುರ್ಚಿ ಅವಳಿಗೆ ಹೋಯಿತು, ಗುಂಡಿ ನನಗೆ ಬಂತು.

ಮಾರ್ಕೆಟ್ಟಿನಲ್ಲಿ ಜನ ಅವಳನ್ನು ನಿಲ್ಲಿಸಿ, “ಒಂದ್ ಚೀಟಿನೂ ನೋಡ್ದಂಗ ಎಷ್ಟ್ ಚಂದ ಹೇಳ್ತೀರಿ ಮೇಡಂ!” ಅನ್ನುತ್ತಿದ್ದರು. ಬರೆದ ನಾನು ಪಕ್ಕದಲ್ಲೇ ತರಕಾರಿ ಚೀಲ ಹಿಡಿದು ನಿಂತಿರುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಒಂದು ರಾತ್ರಿ ಒಂಬತ್ತರ ವಾರ್ತೆಗೆ ಸಿರುಗುಪ್ಪದ ಗಾಳಿಮಳೆಯ ಸುದ್ದಿ ಇತ್ತು. ‘ಮನೆಯ ತಗಡು ಹಾರಿದೆ’ ಅನ್ನುವ ಕಡೆ ಬೇಕಂತಲೇ ‘ಮನಿಯ’ ಅಂತ ಟೈಪ್ ಮಾಡಿದೆ. ಲೈವ್‌ನಲ್ಲಿ ಯಾರೂ ಯೋಚಿಸುವುದಿಲ್ಲ, ಗಾಜಿನಲ್ಲಿ ಕಂಡದ್ದನ್ನು ಓದಿಬಿಡುತ್ತಾರೆ. ನಾಳೆ ಸಾಹೇಬರು ಅವಳಿಗೂ ಉಗಿಯಲಿ ಅಂತ ಕಾದೆ.

ಆ ಸಾಲಿಗೆ ಬಂದವಳೇ ನಿಂತುಬಿಟ್ಟಳು.

ಏಸಿಯ ಸದ್ದೂ ನಿಂತಿತು... ಎಲ್ಲಿಂದಲೋ ಸುಟ್ಟ ಧೂಳಿನ ವಾಸನೆ. ನಾನು ಕೈ ತೆಗೆದಿದ್ದೆ. ಗುಂಡಿ ಮಾತ್ರ ತಾನೇ ತಿರುಗುತ್ತಿತ್ತು... ಟಕ್... ಟಕ್... ನನ್ನ ಮೇಜಿನ ಪರದೆಯಲ್ಲಿ ತಗಡಿನ ಸಾಲು ಅಲ್ಲಾಡದೆ ನಿಂತಿತ್ತು. ಶೈಲಕ್ಕನ ಕಣ್ಣುಗಳು ಬೇರೇನನ್ನೋ ಓದುತ್ತಿದ್ದವು.

ವಾರ್ತೆ ಹೇಗೋ ಮುಗಿಯಿತು. ಅವಳು ನನ್ನ ಹತ್ತಿರ ಬಂದು ಪಿಸುಗುಟ್ಟಿದಳು.

“ಯಾಕ್ ಹಂಗ ಬರದಿ ತಂಗಿ?”

“ಏನ್ ಬರದೀನಕ್ಕಾ?”

“‘ಕುರ್ಚಿ ಬಿಡು, ಮನಿಗೆ ಹೋಗು’... ಅಂತ ಬಂತಲ್ಲ ಗಾಜಿನ್ಯಾಗ?”

ಆ ಮಾತನ್ನು ನಾನು ಟೈಪ್ ಮಾಡಿರಲಿಲ್ಲ. ಆದರೆ ದಿನಾ ಗುಂಡಿ ತಿರುಗಿಸುತ್ತಾ ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದದ್ದು ಅದೇ ಮಾತು.

ಶೈಲಕ್ಕ ಮರುದಿನದಿಂದ ಬರಲೇ ಇಲ್ಲ. ನಾಲಿಗೆ ತಿದ್ದಿಕೊಂಡು ಆ ಕುರ್ಚಿಯಲ್ಲಿ ನಾನೇ ಕೂತೆ. ಖುಷಿಯಾಯಿತು, ಅದನ್ನೂ ಮುಚ್ಚಿಡುವುದಿಲ್ಲ.

ಗುಂಡಿಗೆ ಈಗ ಮೈಸೂರು ಕಡೆಯ ಗಿರೀಶ್ ಇದ್ದಾರೆ. ‘ಮನಿ’ ಅನ್ನುವುದು ಅವರ ಬಾಯಲ್ಲೂ ಬರುವುದಿಲ್ಲ, ಬೆರಳಲ್ಲೂ ಬರುವುದಿಲ್ಲ.

ಮೊನ್ನೆ ವಾರ್ತೆಯ ನಡುವೆ ಏಸಿಯ ಸದ್ದು ನಿಂತಿತು... ಮತ್ತೆ ಆ ಸುಟ್ಟ ಧೂಳಿನ ವಾಸನೆ... ಗಾಜಿನಲ್ಲಿ ಒಂದು ಸಾಲು ಮೆಲ್ಲಗೆ ಮೇಲೆ ಬಂತು. ಯೋಚಿಸಲಿಲ್ಲ, ಕಂಡದ್ದನ್ನು ಓದಿಬಿಟ್ಟೆ. ಇಡೀ ಬಳ್ಳಾರಿ ಕೇಳಿತು.

“ಕುರ್ಚಿ ಬಿಡು, ಮನಿಗೆ ಹೋಗು.”

ಗಿರೀಶ್ ಅವರ ಪರದೆಯಲ್ಲಿ ಅಂಥ ಸಾಲೇ ಇರಲಿಲ್ಲವಂತೆ. ಇವತ್ತೂ ಒಂಬತ್ತಕ್ಕೆ ಆ ಗಾಜಿನ ಮುಂದೆ ಕೂಡಬೇಕು...